ಮೂಲೆ ಕತ್ತರಿಸಿದ ಟಿಕೆಟ್

ನನ್ನ ತಮ್ಮ ಒಂದೇ ಒಂದು ಸಲ ನನ್ನನ್ನು ಜೊತೆಗೆ ಬಾ ಎಂದು ಕರೆದ. ನಾನು ಹೋಗಲಿಲ್ಲ. ಹೋಗಲಾರದಂಥ ಕೆಲಸವೇನೂ ಅವತ್ತು ಇರಲಿಲ್ಲ. ಹೊಲಕ್ಕೆ ನೀರಿನ ಪಾಳಿ ಇರಲಿಲ್ಲ, ಎಮ್ಮೆ ಈಯುವುದಿರಲಿಲ್ಲ, ನನಗೆ ಜ್ವರ ಇರಲಿಲ್ಲ. ಅವನ ಮೇಲೆ ಸಂಶಯವಿತ್ತು, ಅದಕ್ಕೆ ಹೋಗಲಿಲ್ಲ. ನನ್ನ ಬದಲು ಅವನ ಹನ್ನೊಂದು ವರ್ಷದ ಮಗಳು ಹೋದಳು.

ನಾನು ಓದಿದ್ದು ನಾಲ್ಕನೆಯ ತರಗತಿ. ಕನ್ನಡ ಕೂಡಿಸಿ ಓದುತ್ತೇನೆ, ಬರೆಯುವುದು ನಿಧಾನ. ಒಂದು ಪುಟ ಬರೆಯಲು ಎರಡು ದಿನ ಬೇಕಾಗುತ್ತದೆ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸಬಾರದು ಎಂದು ನಾನೇ ಕುಳಿತಿದ್ದೇನೆ.

ನಮ್ಮ ಊರು ಶಹಾಪುರಕ್ಕೂ ಸುರಪುರಕ್ಕೂ ನಡುವೆ, ಡಾಂಬರು ರಸ್ತೆಯಿಂದ ಒಳಗೆ. ನನ್ನನ್ನು ಗುರುಮಠಕಲ್ ಕಡೆ ಕೊಟ್ಟಿದ್ದರು. ಆರು ವರ್ಷಕ್ಕೆ ತಿರುಗಿ ಬಂದೆ. ಗಂಡ ಇನ್ನೊಬ್ಬಳನ್ನು ತಂದಿದ್ದ. ಅವಳು ಮನೆಗೆ ಬಂದದ್ದು ಒಂದು ದಿನ, ಆದರೆ ಅದರ ಸುಳಿವು ಎಂಟು ತಿಂಗಳು ಮೊದಲೇ ಇತ್ತು. ಮೊದಲು ನನ್ನ ಕೈಯ ರೊಟ್ಟಿ ಬಿಟ್ಟ, ಹೊಟ್ಟೆ ಸರಿಯಿಲ್ಲ ಎಂದ. ಆಮೇಲೆ ವಾರಕ್ಕೊಮ್ಮೆ ಒಗೆದ ಅಂಗಿ ಹಾಕಿಕೊಂಡು ಕೆಲಸವಿದೆ ಎಂದು ಹೊರಟ. ಆಮೇಲೆ ನಾನು ಏನು ಕೇಳಿದರೂ ನಕ್ಕು ಸುಮ್ಮನಾಗತೊಡಗಿದ. ನಾನು ಪೆದ್ದಿ, ಒಂದನ್ನೂ ಗುರುತಿಸಲಿಲ್ಲ. ಕೊನೆಗೆ ಟ್ರಂಕು ಹೊತ್ತು ತವರಿನ ಬಸ್ಸು ಹತ್ತಿದಾಗ ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ: ಇನ್ನೊಂದು ಸಲ ಮೋಸ ಹೋಗುವುದಿಲ್ಲ.

ತವರಿನಲ್ಲಿ ತಮ್ಮನಿದ್ದ. ಅವನ ಹೆಂಡತಿ ಎರಡನೆಯ ಮಗಳಿಗೆ ಒಂದೂವರೆ ವರ್ಷವಾದಾಗ ಜ್ವರದಲ್ಲಿ ಹೋದಳು. ಆ ಎರಡು ಹೆಣ್ಣುಮಕ್ಕಳ ತಲೆ ಬಾಚಿದ್ದು, ಉಣಿಸಿದ್ದು, ಸಾಲೆಗೆ ಕಳಿಸಿದ್ದು ನಾನು. ಅವರು ನನ್ನನ್ನು ಅತ್ತಿ ಎನ್ನುತ್ತಿದ್ದರು. ಆ ಮನೆ ಬಿಟ್ಟರೆ ನನಗೆ ಇನ್ನೊಂದು ಒಲೆ ಇರಲಿಲ್ಲ. ತಮ್ಮ ಇನ್ನೊಂದು ಮದುವೆಯಾದರೆ ನಾನು ಮತ್ತೆ ಟ್ರಂಕು ಹೊರಬೇಕು, ಆ ಹುಡುಗಿಯರು ಇನ್ನೊಬ್ಬಳನ್ನು ಅವ್ವ ಎನ್ನಬೇಕು. ನನ್ನ ಅಂಜಿಕೆಯೆಲ್ಲ ಇಷ್ಟೇ.

ಕೆನಾಲಿನ ನೀರು ನಮ್ಮ ಹೊಲಕ್ಕೆ ಬಂದು ಆಗ ನಾಲ್ಕೈದು ವರ್ಷವಾಗಿತ್ತು. ಅದಕ್ಕೆ ಮುಂಚೆ ಜೋಳ, ತೊಗರಿ, ಶೇಂಗಾ. ನೀರು ಬಂದ ಮೇಲೆ ಭತ್ತ, ಹತ್ತಿ. ನೀರಿನ ಹಿಂದೆಯೇ ಆಂಧ್ರದ ಕಡೆಯಿಂದ ಜನ ಬಂದು ಕಾಲುವೆಯ ಆಚೆ ಜಮೀನು ಹಿಡಿದು ಮನೆ ಕಟ್ಟಿದರು. ಅದಕ್ಕೆ ಕ್ಯಾಂಪು ಎನ್ನುತ್ತಿದ್ದೆವು. ಕ್ಯಾಂಪಿನವರು ಮೂರು ಹೊತ್ತೂ ಅನ್ನ ಉಣ್ಣುವವರು. ನಾವು ಭತ್ತ ಬೆಳೆದರೂ ಮಾರಿ, ಜೋಳದ ರೊಟ್ಟಿ ತಿನ್ನುವವರು. ನಮ್ಮಲ್ಲಿ ಅನ್ನವೆಂದರೆ ಬೀಗರು ಬಂದಾಗ, ಇಲ್ಲವೇ ಜ್ವರ ಬಂದಾಗ. ಒಬ್ಬ ಗಂಡಸು ರೊಟ್ಟಿ ಬಿಟ್ಟು ಅನ್ನ ಕೇಳತೊಡಗಿದರೆ ಊರ ಹೆಂಗಸರು ಕಾಲುವೆಯ ಆಚೆ ನೋಡಿ ನಗುತ್ತಿದ್ದರು. ಅಂಥ ಒಂದೆರಡು ಸಂಗತಿ ನಡೆದೂ ಇದ್ದವು.

ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ತಮ್ಮ ಒಲೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತ.

"ಅಕ್ಕಾ, ನಾಳಿಂದ ನನಗ ಒಂದ್ಹಿಡಿ ಅನ್ನ ಮಾಡ್ತಿಯೇನು? ಮೆತ್ತಗ."

"ಯಾಕ, ನನ್ನ ರೊಟ್ಟಿಗೆ ಏನಾಗ್ಯಾದ?"

"ಏನಾಗಿಲ್ಲ. ಹಲ್ಲು ನೋಯಾಕತ್ತಾವ."

"ಈಗ ಹಲ್ಲು ನೊಂದ್ರ ಮುದುಕ ಆದ್ಮ್ಯಾಲ ಏನು ತಿಂತಿ, ಹಾಲಾ? ಬಾಯಿ ತೆಗಿ, ನೋಡ್ತೀನಿ."

ಅವನು ನಕ್ಕು ಎದ್ದು ಹೋದ. ನನ್ನ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಆ ನಗು ನನಗೆ ಗೊತ್ತಿತ್ತು. ತಿಂಗಳ ಹಿಂದೆ ಇದೇ ಹಲ್ಲಿನಲ್ಲಿ ಕಬ್ಬು ಸಿಗಿದು ತಿಂದಿದ್ದವನು ಅವನು.

ಮರುದಿನ ನಾನು ಅನ್ನ ಮಾಡಲಿಲ್ಲ. ರೊಟ್ಟಿಯನ್ನೂ ಮೆತ್ತಗೆ ಮಾಡಲಿಲ್ಲ. ಹಂಚಿನ ಮೇಲೆ ಇನ್ನಷ್ಟು ಹೊತ್ತು ಬಿಟ್ಟು, ಬಿಸಿಲಿಗಿಟ್ಟು, ಖಡಕ್ ಮಾಡಿ ತಾಟಿಗೆ ಹಾಕಿದೆ. ತಿಂದರೆ ನನ್ನ ತಮ್ಮ, ಬಿಟ್ಟರೆ ಕ್ಯಾಂಪಿನವನು. ನನ್ನ ಪರೀಕ್ಷೆ ಅದಾಗಿತ್ತು. ಅವನು ರೊಟ್ಟಿ ಮುರಿದು ಬೇಳೆಸಾರಿನಲ್ಲಿ ನೆನೆಹಾಕಿದ, ಅದು ಅಂಬಲಿಯಾಗುವ ತನಕ ಕಾದ. ನಾಲ್ಕು ತುತ್ತಿಗೆ ಎದ್ದ. ಎದ್ದು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಕೆಮ್ಮಿದ. ಉಳಿದದ್ದನ್ನು ನಾಯಿಗೆ ಹಾಕುತ್ತ, ಎಲ್ಲಿಯೋ ಉಂಡು ಬಂದಿದ್ದಾನೆ, ಹಸಿವಿಲ್ಲ ಎಂದುಕೊಂಡೆ. ಎರಡು ತಿಂಗಳು ಹೀಗೆ ನಡೆಸಿದೆ. ಎರಡು ತಿಂಗಳು ದಿನಾ ಎರಡು ಹೊತ್ತು.

ಪಕ್ಕದ ಮನೆಯಾಕೆ ಒಂದು ದಿನ ಗೋಡೆಯ ಮೇಲಿಂದ ಹೇಳಿದಳು. "ನಿನ್ನ ತಮ್ಮ ಕೆನಾಲ್ ದಾಟಿ ಬರೋದು ನೋಡಿದೆವ್ವ. ಕೈಯಾಗ ಸ್ಟೀಲ್ ಡಬ್ಬಿ ಇತ್ತು."

"ಸಸಿ ನೋಡಾಕ ಹೋಗಿದ್ದ."

"ಸಸಿ ಡಬ್ಬ್ಯಾಗ ತರ್ತಾರೇನು?" ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಗುರುವಾರ ಬಂದರೆ ತಮ್ಮ ಬಿಳಿ ಅಂಗಿ ಹಾಕುತ್ತಿದ್ದ. ಮುಂಜಾನೆಯ ಬಸ್ಸಿಗೆ ಹೊರಟವನು ಹೊತ್ತು ಇಳಿದ ಮೇಲೆ ಬರುತ್ತಿದ್ದ. ಎಲ್ಲಿಗೆ ಎಂದರೆ "ಯಾದಗಿರಿಗೆ, ಕೆಲಸ ಅದ" ಎನ್ನುತ್ತಿದ್ದ. ಬರುವಾಗ ಅವನ ಅಂಗಿಯಿಂದ ಒಂದು ವಾಸನೆ ಬರುತ್ತಿತ್ತು. ಈಗ ಎಲ್ಲಿ ಆ ವಾಸನೆ ಬಂದರೂ ದವಾಖಾನೆಯದು ಎಂದು ಗೊತ್ತಾಗುತ್ತದೆ. ಆಗ ಯಾವುದೋ ಸಾಬೂನು ಎಂದುಕೊಂಡೆ. ನಮ್ಮ ಮನೆಯ ಸಾಬೂನು ಅಲ್ಲ ಎಂಬುದು ಮಾತ್ರ ಖಾತ್ರಿಯಿತ್ತು.

ಅಂಥ ಮೂರ್ನಾಲ್ಕು ಗುರುವಾರ ಕಳೆದ ಮೇಲೆ ಅವನು ನನ್ನನ್ನು ಕರೆದದ್ದು. ನಾನು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದೆ. ದೊಡ್ಡ ಹುಡುಗಿ ಅಲ್ಲೇ ಪಾಟಿಚೀಲ ಬಿಚ್ಚಿಕೊಂಡು ಕುಳಿತಿದ್ದಳು.

"ಅಕ್ಕಾ, ಬರೋ ಗುರುವಾರ ರಾಯಚೂರಿಗೆ ಹೋಗಬೇಕು. ನನ್ನ ಜೊತಿ ಬರ್ತಿಯೇನು?"

ಯಾದಗಿರಿ ಹೋಗಿ ರಾಯಚೂರು ಆಗಿತ್ತು. ನಾನು ಮೊರ ಕೆಳಗಿಟ್ಟೆ.

"ನಾ ಯಾಕ ಬರ್ಲಿ?"

"ಸುಮ್ನ. ಮನಿ ದೊಡ್ಡಾಕಿ ಒಬ್ಬಾಕಿ ಜೊತಿಗಿದ್ರ ಚಲೋ."

ದೊಡ್ಡಾಕಿ ಎಂಬ ಮಾತು ನನ್ನ ಎದೆಗೆ ನಾಟಿತು. ಹೆಣ್ಣು ನೋಡಲು ಹೋಗುವಾಗ ಮನೆಯ ದೊಡ್ಡ ಹೆಂಗಸನ್ನು ಕರೆದುಕೊಂಡು ಹೋಗುತ್ತಾರೆ.

"ಬಂದು ಏನು ಮಾಡ್ಲಿ? ಆರತಿ ಹಿಡ್ಕೊಂಡು ನಿಲ್ಲಲೇನು? ನಿನ್ನ ಕೆಲಸ ನೀನ ನೋಡ್ಕೊ. ನನಗ ಎಲ್ಲಾ ಗೊತ್ತದ."

ಅವನು ನನ್ನ ಮುಖ ನೋಡಿದ. "ಏನು ಗೊತ್ತದ?"

"ಎಷ್ಟು ಬೇಕೋ ಅಷ್ಟು."

ಅವನ ಮುಖದಲ್ಲಿ ಒಂದು ಗಳಿಗೆ ಸಮಾಧಾನದಂಥದ್ದು ಬಂದು ಹೋಯಿತು. ನನಗೆ ನಿಜ ತಿಳಿದಿದೆ, ಹೇಳುವ ಕಷ್ಟ ತಪ್ಪಿತು ಎಂದು ಅವನು ತಿಳಿದಿದ್ದನಂತೆ. ಮರುಗಳಿಗೆ ನನ್ನ ಕಣ್ಣಿನ ಸಿಟ್ಟು ಕಂಡು, ನನಗೆ ಗೊತ್ತಿರುವುದು ಬೇರೆಯೇ ಏನೋ ಎಂದು ತಿಳಿದಿರಬೇಕು. "ಬ್ಯಾಡ ಬಿಡು" ಎಂದ. ಆಗ ಹುಡುಗಿ ತಲೆ ಎತ್ತಿ, "ನಾ ಬರ್ಲೇನಪ್ಪ?" ಎಂದಳು. ರೈಲು ಹತ್ತುವ ಆಸೆ ಅವಳಿಗೆ.

ಹೀಗೆ ಅವಳು ಹೋದಳು. ಮುಂದಿನ ಗುರುವಾರವೂ ಹೋದಳು, ಅದರ ಮುಂದಿನದಕ್ಕೂ. ಸಾಲೆ ತಪ್ಪಿಸಿ ಮಗಳನ್ನು ಯಾಕೆ ಒಯ್ಯುತ್ತಾನೆ? ಹೊಸ ಅವ್ವನ ರೂಢಿ ಮಾಡಿಸುತ್ತಿದ್ದಾನೆ ಎಂದು ನಾನು ಉತ್ತರ ಕಂಡುಕೊಂಡೆ. ಹುಡುಗಿಯ ಜಡೆ ಹಾಕುತ್ತ ಅವಳನ್ನು ಕೆದಕಿದೆ.

"ಅಲ್ಲಿ ಯಾರು ಭೆಟ್ಟಿ ಆದ್ರು?"

"ಯಾರೂ ಇಲ್ಲ."

"ತಿನ್ನಾಕ ಏನು ಕೊಡ್ಸಿದ್ರು?"

"ಬಾಳೆಹಣ್ಣು."

"ಅಪ್ಪನೂ ತಿಂದಾನ?"

ಹುಡುಗಿ ಕೈಯಲ್ಲಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಅಪ್ಪಗ ಬಾಳೆಹಣ್ಣು ಸೇರಲ್ಲ" ಎಂದಳು.

ಡಜನ್ ಬಾಳೆಹಣ್ಣು ಒಬ್ಬನೇ ತಿನ್ನುವವನು ನನ್ನ ತಮ್ಮ. ಹುಡುಗಿಗೆ ಸುಳ್ಳು ಹೇಳಲು ಕಲಿಸಿದ್ದಾರೆ ಎಂದು ನಾನು ಜಡೆಯನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಅವಳು ಹಾ ಎನ್ನಲಿಲ್ಲ.

ಒಂದು ಶುಕ್ರವಾರ ಅವನ ಅಂಗಿ ಒಗೆಯುವಾಗ ಕಿಸೆಯಲ್ಲಿ ರೈಲಿನ ಎರಡು ರಟ್ಟಿನ ಟಿಕೆಟ್ ಸಿಕ್ಕವು. ಯಾದಗಿರಿ ಎಂಬುದನ್ನು ಕೂಡಿಸಿ ಓದಿದೆ. ಒಂದು ಟಿಕೆಟ್ ಪೂರ್ತಿ ಇತ್ತು, ಇನ್ನೊಂದರ ಮೂಲೆ ಕತ್ತರಿಸಿತ್ತು. ನಮ್ಮೂರ ಬಸ್ಸಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಕಂಡಕ್ಟರ್ ಕೇಳುತ್ತಲೇ ಇರಲಿಲ್ಲ. ಹುಡುಗಿಗೆ ರೈಲಿನಲ್ಲಿ ಟಿಕೆಟ್ ಏಕೆ ಬೇಕು? ಎರಡನೆಯದು ಅವಳದೇ, ಆ ಹೆಂಗಸಿನದು. ಹಾಗೆಂದು ನಾನು ಕಲ್ಲಿನ ಮೇಲೆ ಅಂಗಿಯನ್ನು ಜೋರಾಗಿ ಬಡಿದೆ. ಮೂಲೆ ಕತ್ತರಿಸಿದರೆ ಅರ್ಧ ಟಿಕೆಟ್, ಮಕ್ಕಳದು, ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಟಿಕೆಟ್ಟಿನ ಜೊತೆ ಒಂದು ಚೀಟಿಯೂ ಇತ್ತು, ಇಂಗ್ಲಿಷಿನಲ್ಲಿ. ಊರಲ್ಲಿ ಓದಿಸಿದರೆ ಸುದ್ದಿಯಾಗುತ್ತದೆ. ಹುಡುಗಿಯ ಮುಂದೆ ಹಿಡಿದೆ.

"ಇದರಾಗ ಏನು ಬರದಾರ?"

ಅವಳು ಅದನ್ನು ಬಹಳ ಹೊತ್ತು ನೋಡಿದಳು. "ಹತ್ತಿಗೆ ಹೊಡಿಯೋ ಎಣ್ಣಿ ಚೀಟಿ, ಅತ್ತಿ" ಎಂದು ಹೇಳಿ, ಮಡಚಿ ತನ್ನ ಪಾಟಿಚೀಲದಲ್ಲಿ ಇಟ್ಟುಕೊಂಡಳು.

ಆ ವರ್ಷ ನಾವು ಹತ್ತಿ ಹಾಕಿರಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ನಾನು ಹುಡುಗಿಯನ್ನೂ ನಂಬಲಿಲ್ಲ.

ಮುಂದೊಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಕ್ಯಾಂಪಿನವಳು ಎಂದು ಸೀರೆ ಉಟ್ಟ ರೀತಿಯಲ್ಲೇ ಗೊತ್ತಾಯಿತು. ಆದರೆ ತಲೆ ಪೂರ್ತಿ ಬೆಳ್ಳಗಾಗಿತ್ತು, ಎಡಗಾಲು ಎಳೆದು ನಡೆಯುತ್ತಿದ್ದಳು. ನಮ್ಮ ಅವ್ವ ಇದ್ದಿದ್ದರೆ ಆ ವಯಸ್ಸು. ಬುದ್ಧಿಯಿದ್ದವಳಿಗೆ ಅಲ್ಲಿಯೇ ಸಂಶಯ ಮುಗಿಯಬೇಕಿತ್ತು. ನನಗೆ ಹೊಳೆದದ್ದು, ಇವಳು ಅವಳ ತಾಯಿ ಎಂದು.

"ಅಮ್ಮಾ, ನಿಮ್ಮ ತಮ್ಮಗೆ ಗಂಜಿ ತಂದೀನಿ. ಇವತ್ತು ಆತ ನಮ್ಮ ಕಡೆ ಬರಲೇ ಇಲ್ಲ" ಎಂದಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ.

"ನಮ್ಮ ಮನ್ಯಾಗ ಒಲಿ ಆರಿಲ್ಲ" ಎಂದೆ.

"ಹಾಗಲ್ಲಮ್ಮ. ನಿಮಗೆ ಒಂದು ಮಾತು ಹೇಳಬೇಕು..."

"ನಿಮ್ಮ ಮಾತು ನನಗ ಬ್ಯಾಡ. ನಾ ಇರೋ ತನಕ ಈ ಹೊಸ್ತಿಲು ದಾಟಿ ಯಾರೂ ಒಳಗ ಬರಂಗಿಲ್ಲ. ನಿಮ್ಮ ಮಗಳಿಗೆ ಹೇಳ್ರಿ."

"ನನಗೆ ಮಗಳಿಲ್ಲಮ್ಮ" ಎಂದಳು ಅವಳು, ಏನೂ ತಿಳಿಯದವಳಂತೆ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಕಾಲು ಎಳೆಯುತ್ತ ಹೋದಳು. ನಾನು ಮುಚ್ಚಳ ತೆಗೆದೆ. ನೀರಿನಂಥ ಬಿಳಿ ಗಂಜಿ, ಒಂದು ಅಗುಳೂ ಕಾಣದ ಹಾಗೆ ಸೋಸಿದ್ದು. ಒಯ್ದು ಎಮ್ಮೆಯ ಬಾನಿಗೆ ಸುರಿದೆ. ತಿರುಗಿದರೆ ಹುಡುಗಿ ಸಾಲೆಯಿಂದ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಡಬ್ಬಿ ಇಸಿದುಕೊಂಡು ತೊಳೆದು ಬಿಸಿಲಿಗೆ ಬೋರಲು ಹಾಕಿದಳು.

ಎಂಟು ದಿನಕ್ಕೆ ನಮ್ಮ ನೀರಿನ ಪಾಳಿ ಬಂತು. ಕೆನಾಲಿನ ಪಾಳಿ ಎಂದರೆ ನೀರು ನಮ್ಮ ಹೊಲಕ್ಕೆ ತಿರುಗುವ ಹೊತ್ತಿಗೆ ಒಬ್ಬರು ಸಲಿಕೆ ಹಿಡಿದು ಅಲ್ಲಿ ನಿಂತಿರಲೇಬೇಕು. ತಮ್ಮ ಪಾಳಿ ತಪ್ಪಿಸಿದ್ದೇ ಇಲ್ಲ. ಅವತ್ತು ಮಗಳನ್ನು ಕರೆದುಕೊಂಡು ಹೊಲಕ್ಕೆಂದೇ ಹೋಗಿದ್ದ. ಹೊತ್ತು ಏರಿದ ಮೇಲೆ ಕೆಳಗಿನ ಹೊಲದವನು ಓಡಿ ಬಂದ.

"ಏ ಯಕ್ಕಾ, ನಿಮ್ಮ ಬದು ಒಡದು ನೀರೆಲ್ಲಾ ನಮ್ಮ ಶೇಂಗಾದಾಗ ಹೊಂಟದ. ನಿನ್ನ ತಮ್ಮ ಎಲ್ಲಿ ಹೋಗ್ಯಾನ?"

ನಾನೇ ಹೋಗಿ ಸೀರೆ ಎತ್ತಿ ಕಟ್ಟಿ ಬದುವಿಗೆ ಮಣ್ಣು ಹಾಕಿದೆ. ತಮ್ಮನ ಸಲಿಕೆ ಕೆಸರಿನಲ್ಲಿ ಬಿದ್ದಿತ್ತು. ಪಾಳಿ ಬಿಟ್ಟು ಹೋಗಿದ್ದಾನೆಂದರೆ ಅವಳ ಕಡೆಗೇ. ಇವತ್ತು ಕೈಯಾರೆ ಹಿಡಿಯುತ್ತೇನೆ ಎಂದು ಆ ಸಲಿಕೆ ಹಿಡಿದೇ ಕಾಲುವೆಯ ಏರಿ ಹತ್ತಿ ಕ್ಯಾಂಪಿಗೆ ನಡೆದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡೆ. ತೆಲುಗಿನಲ್ಲಿ ಬೈಯುವುದೂ ನನಗೆ ಬರುತ್ತಿತ್ತು.

ಮುದುಕಿಯ ಮನೆ ಮೊದಲನೆಯದೇ. ಹುಲ್ಲಿನ ಬಣವೆಯ ಮರೆಯಲ್ಲಿ ನಿಂತು ನೋಡಿದೆ. ತಮ್ಮ ಗೋಡೆಗೆ ಒರಗಿ ಕುಳಿತಿದ್ದ, ಮೊಣಕಾಲ ತನಕ ಕೆಸರು. ಮುದುಕಿ ಬಿಳಿ ಬಟ್ಟೆಯಲ್ಲಿ ಅನ್ನ ಹಾಕಿ ಹಿಂಡುತ್ತಿದ್ದಳು. ಹುಡುಗಿ ಲೋಟವನ್ನು ಅಪ್ಪನ ಬಾಯಿಗೆ ಹಿಡಿದಿದ್ದಳು. ಒಂದು ಗುಟುಕು ಕುಡಿದ. ಕತ್ತಿನ ನರವೆಲ್ಲ ಎದ್ದು ನಿಂತವು. ಆ ಗುಟುಕು ಇಳಿಯಲಿಲ್ಲ, ತಿರುಗಿ ಬಂತು. ಹುಡುಗಿ ಗಾಬರಿಯಾಗಲಿಲ್ಲ. ಗದ್ದಕ್ಕೆ ಅಂಗೈ ಹಿಡಿದು, ಲಂಗದ ತುದಿಯಿಂದ ಒರೆಸಿ, "ಸಾವಕಾಶ ಅಪ್ಪ, ಜಲ್ದಿ ಏನಿಲ್ಲ" ಎಂದಳು. ನಾನು ಅವಳ ತಂಗಿಗೆ ಉಣಿಸುವಾಗ ಹೇಳುತ್ತಿದ್ದ ಮಾತು ಅದು.

ಬಿಳಿ ಅಂಗಿ ಇಲ್ಲದೆ, ಬರೀ ಬನಿಯನ್ನಿನಲ್ಲಿ ನಾನು ಅವನನ್ನು ನೋಡಿ ಎಷ್ಟು ದಿನವಾಗಿತ್ತೋ. ಎದೆಯ ಎಲುಬು ಒಂದೊಂದಾಗಿ ಕಾಣುತ್ತಿತ್ತು. ಆ ಮನೆಯಲ್ಲಿ ಬೇರೆ ಹೆಂಗಸು ಯಾರೂ ಇರಲಿಲ್ಲ. ಗೋಡೆಯ ಮೇಲೆ ಮುದುಕಿಯ ಗಂಡನ ಫೋಟೋ, ಅದಕ್ಕೆ ಹಾರ.

ನನ್ನ ಕಾಲ ಸಪ್ಪಳಕ್ಕೆ ಹುಡುಗಿ ತಿರುಗಿದಳು. ನನ್ನನ್ನು ನೋಡಿದಳು, ಸಲಿಕೆ ನೋಡಿದಳು. ಲೋಟ ಕೆಳಗಿಟ್ಟು ಬಂದು ಅಪ್ಪನಿಗೆ ಅಡ್ಡ ನಿಂತಳು.

"ಅಪ್ಪಗ ಏನೂ ಅನಬ್ಯಾಡ ಅತ್ತಿ" ಎಂದಳು.

ಅನ್ನನಾಳದಲ್ಲಿ ಗಂಟು. ಮುದುಕಿಯ ಗಂಡನೂ ಅದರಲ್ಲೇ ಹೋಗಿದ್ದನಂತೆ. ಭತ್ತದ ಸಸಿ ಕೇಳಲು ಹೋದ ತಮ್ಮ ಬುತ್ತಿ ಉಣ್ಣುವಾಗ ಒದ್ದಾಡಿದ್ದನ್ನು ಕಂಡು ಗುರುತು ಹಿಡಿದವಳು, ಯಾದಗಿರಿಯಲ್ಲಿ ತೋರಿಸಿಕೊ ಎಂದು ಕಳಿಸಿದವಳು, ಅವಳೇ. ಅಲ್ಲಿಂದ ರಾಯಚೂರಿನ ದೊಡ್ಡ ದವಾಖಾನೆಗೆ ಬರೆದುಕೊಟ್ಟರು.

ಮನೆಗೆ ಬರುವಾಗ ಏರಿಯ ಮೇಲೆ ಮೂರು ಸಲ ಕುಳಿತು ಬಂದೆವು. ಹುಡುಗಿ ಸಲಿಕೆ ಹೊತ್ತು ಮುಂದೆ ನಡೆದಳು.

"ನನಗ ಯಾಕ ಹೇಳಲಿಲ್ಲ ನೀನು?"

"ಹೇಳಾಕಂತನ ಕರದಿದ್ನಲ್ಲ ಅಕ್ಕಾ. ನನ್ನ ಬಾಯಿಲೆ ಆಗಂಗಿಲ್ಲ, ಡಾಕ್ಟರ್ ಹೇಳ್ಲಿ, ನೀ ಕೇಳು ಅಂದ್ಕೊಂಡಿದ್ದೆ." ನಿಂತು ದಮ್ಮು ಸುಧಾರಿಸಿಕೊಂಡ. "ನೀ ನಮ್ಮನ್ನ ಬಿಟ್ಟು ಹೋಗ್ತಿ ಅಂತ ಅಂಜಿಕಿ ಇತ್ತು. ಮಾರಿ ಹಂಗ ಮಾಡ್ಕೊಂಡಿದ್ದಿ."

"ಮತ್ತ ಡಾಕ್ಟರ್ ಮಾತು ಯಾರು ಕೇಳಿದ್ರು?"

ಅವನು ಮುಂದೆ ಹೋಗುತ್ತಿದ್ದ ಹುಡುಗಿಯ ಕಡೆ ನೋಡಿದ. ಮೊದಲನೆಯ ಸಲ ಡಾಕ್ಟರು ದೊಡ್ಡವರನ್ನು ಕರೆದುಕೊಂಡು ಬನ್ನಿ ಎಂದರಂತೆ. ಎರಡನೆಯ ಸಲವೂ ಅಂದರಂತೆ. ಮೂರನೆಯ ಸಲ, "ಜೊತೆಗೆ ಯಾರು ಬಂದಿದ್ದಾರೆ?" ಎಂದಾಗ ಇವಳು ಸಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿ, "ನಾ ಬಂದೀನ್ರಿ" ಎಂದಳಂತೆ. ತಮ್ಮನೇ, ಹೇಳಿರಿ ಸರ್, ಇನ್ನು ಯಾರೂ ಬರುವವರಿಲ್ಲ ಎಂದನಂತೆ. ವಾಸಿಯಾಗುವುದಿಲ್ಲ, ದಿನ ಕಡಿಮೆ ಇವೆ ಎಂಬ ಮಾತನ್ನು ಆ ಮಗು ನಿಂತು ಕೇಳಿಸಿಕೊಂಡು, ಬಾಳೆಹಣ್ಣು ತಿಂದು, ರೈಲಿನಲ್ಲಿ ಅಪ್ಪನನ್ನು ಕರೆದುಕೊಂಡು ಬಂದು, ಮರುದಿನ ನನ್ನ ಕೈಗೆ ಜಡೆ ಕೊಟ್ಟು ಕುಳಿತಿತ್ತು.

ಕೆನಾಲು ಬಂದ್ ಆಗುವ ತನಕ ತಮ್ಮ ಇದ್ದ. ಎರಡು ತಿಂಗಳಿಗೆ ಸ್ವಲ್ಪ ಕಡಿಮೆ. ಮುದುಕಿಯ ಹತ್ತಿರ ಗಂಜಿ ಸೋಸುವುದನ್ನು ಕಲಿತೆ. ಅವಳು ಮನೆಗೆ ಬಂದು ಒಲೆಯ ಮುಂದೆಯೇ ಕುಳಿತು ಕಲಿಸಿದಳು. ಹೊಸ್ತಿಲ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಗುರುವಾರ ನಾನೇ ರಾಯಚೂರಿಗೆ ಹೋದೆ. ಟಿಕೆಟ್ ಎರಡೂ ಪೂರ್ತಿ ಇದ್ದವು. ಹುಡುಗಿ ಸಾಲೆಗೆ ಹೋದಳು.

ತಪ್ಪಾಯಿತು ಎಂದು ಮಾತ್ರ ಅವನಿಗೆ ಹೇಳಲಾಗಲಿಲ್ಲ. ನಮ್ಮಲ್ಲಿ ಅಕ್ಕ ಆದವಳು ತಮ್ಮನಿಗೆ ಅಂಥ ಮಾತು ಆಡುವ ರೂಢಿಯಿಲ್ಲ. ಮಾತು ಬಾಯಿಗೆ ಬಂದಾಗಲೆಲ್ಲ "ಇನ್ನೊಂದು ಚಮಚ ಕುಡಿ" ಎನ್ನುತ್ತಿದ್ದೆ. ಅವನು ಕುಡಿಯುತ್ತಿದ್ದ, ನನಗಾಗಿ. ಕೊನೆಗೆ ಅದೂ ನಿಂತಿತು.

ಹುಡುಗಿಯರಿಬ್ಬರನ್ನೂ ಬೆಳೆಸಿದೆ. ಟ್ರಂಕು ಅಟ್ಟದ ಮೇಲೆಯೇ ಉಳಿಯಿತು. ದೊಡ್ಡವಳು ಓದಿ ಈಗ ಹುಣಸಗಿಯ ಕಡೆ ಟೀಚರ್ ಆಗಿದ್ದಾಳೆ, ಅವಳಿಗೂ ಮಗಳಿದ್ದಾಳೆ. ಆ ದಿನಗಳ ಬಗ್ಗೆ ಅವಳು ಮಾತಾಡಲಿಲ್ಲ, ನಾನು ಕೇಳಲಿಲ್ಲ. ನನ್ನನ್ನು ಅವಳು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆದರೆ ನನ್ನ ಗುಣ ಎಲ್ಲಿ ಹೋಗುತ್ತದೆ? ಅವಳು ನನಗೆ ಬಿಸಿ ಅನ್ನ ಬಡಿಸುವಾಗ, ಎಮ್ಮೆಯ ಬಾನಿ ಇವಳಿಗೆ ನೆನಪಿದೆಯೋ ಏನೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ.

ಮೊನ್ನೆ ಕಣ್ಣಿನ ಪೊರೆ ತೆಗೆಸಲು ಅವಳು ನನ್ನನ್ನು ಯಾದಗಿರಿಗೆ ಕರೆದುಕೊಂಡು ಹೋದಳು. ದವಾಖಾನೆಯ ಬೆಂಚಿನ ಮೇಲೆ ಹತ್ತು ಜನ ಕುಳಿತಿದ್ದೆವು. ನರ್ಸಮ್ಮ ಚೀಟಿ ಹಿಡಿದು ಬಂದು, "ಈ ಅಮ್ಮನ ಜೊತಿ ಯಾರು ಬಂದೀರಿ?" ಎಂದು ಕೇಳಿದಳು.

ನನ್ನ ಪಕ್ಕದಲ್ಲಿ ಒಂದು ಕೈ ಮೇಲೆ ಹೋಯಿತು. "ನಾ ಬಂದೀನ್ರಿ."

ಮಬ್ಬುಗಣ್ಣಿಗೂ ಆ ಕೈ ಕಂಡಿತು. ನರ್ಸಮ್ಮ ಸಹಿ ಮಾಡಿಸಿಕೊಂಡು ಹೋದ ಮೇಲೆ ನಾನು ಕೇಳಿದೆ.

"ಅವತ್ತು ರಾಯಚೂರಾಗೂ ಹಿಂಗ ಕೈ ಎತ್ತಿದ್ದಿ ಏನವ್ವ?"

ಅವಳು ತಿರುಗಿ ನೋಡಿದಳು. "ಯಾರು ಹೇಳಿದ್ರು ನಿನಗ?"

"ನಿಮ್ಮಪ್ಪ."

"ಸಾಲ್ಯಾಗ ಕೈ ಎತ್ತದ ಮಾತಾಡಿದ್ರ ಮಾಸ್ತರು ಬೈತಿದ್ರಲ್ಲ ಅತ್ತಿ" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಚೀಟಿಯನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ನಾನು ಅವಳ ಕೈ ಹಿಡಿದೆ. ಸುತ್ತ ಜನ ಇದ್ದರು, ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು ಜೋರಾಗಿಯೇ ಹೇಳಿದೆ.

"ನಾ ಬರಬೇಕಿತ್ತವ್ವ ಅವತ್ತು. ನಿಮ್ಮಪ್ಪ ಕರದಿದ್ದು ನನ್ನ, ನಿನ್ನಲ್ಲ. ಅವನ ಮ್ಯಾಲ ಸಂಶೆ ಮಾಡ್ಕೊಂತ ಮನ್ಯಾಗ ಕುಂತೆ. ಆ ಮಾತು ನನ್ನ ಕಿವಿಗೆ ಬೀಳಬೇಕಿತ್ತು, ನಿನ್ನ ಕಿವಿಗೆ ಬಿತ್ತು. ಅವನಿಗೆ ಖಡಕ್ ರೊಟ್ಟಿ ಹಾಕಿದೆ, ಅವನ ಗಂಜಿ ಎಮ್ಮಿಗೆ ಸುರುವಿದೆ, ನೀ ಎಲ್ಲಾ ನೋಡಿದಿ. ಅವನಿಗೆ ಹೇಳಾಕ ಆಗಲಿಲ್ಲ, ನಿನಗ ಹೇಳಾಕತ್ತೀನಿ. ನನ್ನದ ತಪ್ಪು. ಮಾಫ್ ಮಾಡವ್ವ."